ಗಾಡಿ ಓವರ್‌ಹೀಟ್ ಆಯ್ತು ಅಂದ್ರೆ ನಿಜಕ್ಕೂ ಏನಾಯ್ತು?

ಹಳೇ ಕಾಲದ ಬುರುಡೆ ಬಲ್ಬು ಉರಿಯುವಾಗ ಒಳಗಿನ ತಂತಿ ಸುಮಾರು 2500 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಅದು ಓವರ್‌ಹೀಟ್ ಆಗಿದೆ ಎಂದು ಯಾರೂ ಹೇಳುವುದಿಲ್ಲ. ದೋಸೆ ಹೆಂಚು 200 ಡಿಗ್ರಿ ಆಸುಪಾಸಿಗೆ ಕಾದರೆ ಅದು ಹದ. ಆದರೆ ಕೈಯಲ್ಲಿರುವ ಫೋನು 45 ಡಿಗ್ರಿ ಮುಟ್ಟಿದರೆ ಸಾಕು, ಗಾಬರಿ ಶುರು. ಮನುಷ್ಯನ ಮೈ 40 ದಾಟಿದರೆ ಆಸ್ಪತ್ರೆಗೆ ಓಡಬೇಕು. ಹಾಗಾದರೆ ಈ 'ಓವರ್' ಶುರುವಾಗುವುದು ಎಲ್ಲಿಂದ?

ಬೆಂಗಳೂರಿನಲ್ಲಿ ಈ ಪದ ದಿನಾ ಕಿವಿಗೆ ಬೀಳುತ್ತದೆ. ಗ್ಯಾರೇಜಿನಲ್ಲಿ 'ಗಾಡಿ ಹೀಟಾಗ್ತಿದೆ', ಆಫೀಸಿನಲ್ಲಿ 'ಲ್ಯಾಪ್‌ಟಾಪ್ ಓವರ್‌ಹೀಟ್ ಆಗಿ ಆಫ್ ಆಯ್ತು', ಪೇಪರಿನ ವಾಣಿಜ್ಯ ಪುಟದಲ್ಲಿ ಆರ್ಥಿಕತೆಯೂ ಓವರ್‌ಹೀಟ್. ನಿಘಂಟಿನ ಅರ್ಥ ಸುಲಭ: ಇರಬೇಕಾದ್ದಕ್ಕಿಂತ ಜಾಸ್ತಿ ಬಿಸಿಯಾಗುವುದು, ಇಲ್ಲವೇ ಬಿಸಿ ಮಾಡುವುದು. ಎಂಜಿನ್ ತಾನಾಗೇ ಆದರೂ, ನಾವು ಎಣ್ಣೆಯನ್ನು ಹೊಗೆ ಬರುವ ತನಕ ಕಾಯಿಸಿದರೂ ಇಂಗ್ಲಿಷಿನಲ್ಲಿ ಪದ ಒಂದೇ. ಕನ್ನಡದಲ್ಲಿ ಕಾಯುವುದು ಬೇರೆ, ಕಾಯಿಸುವುದು ಬೇರೆ. ಅದಕ್ಕೇ ಇಂಗ್ಲಿಷ್ ಪದ ಬಳಸುವಾಗಲೂ ಹಿಂದೆ ಒಂದು 'ಆಯ್ತು' ಅಥವಾ 'ಮಾಡಿದ' ಸೇರಿಸಿಕೊಳ್ಳುತ್ತೇವೆ. ಇನ್ನೊಂದು ವಿಷಯ. 'ಚುನಾವಣಾ ಕಣ ಕಾವೇರಿದೆ' ಎಂದು ಪತ್ರಿಕೆಗಳು ಬರೆಯುತ್ತವಲ್ಲ, ಅದು ಓವರ್‌ಹೀಟ್ ಅಲ್ಲ. ಕಾವೇರುವುದರಲ್ಲಿ ತಪ್ಪೇನೂ ಇಲ್ಲ. ಓವರ್‌ಹೀಟ್ ಅನ್ನಬೇಕಾದರೆ ಎಲ್ಲೋ ಏನೋ ಕೆಡುತ್ತಿರಬೇಕು.

ಏನು ಕೆಡುತ್ತದೆ ಎನ್ನುವುದನ್ನು ತಿಳಿಯಲು ಸ್ವಲ್ಪ ಲೆಕ್ಕ ಬೇಕು. ಕಷ್ಟದ್ದೇನಲ್ಲ. ಒಂದು ವಸ್ತುವಿನ ಒಳಗೆ ಶಾಖ ಹುಟ್ಟುತ್ತಿದ್ದರೆ ಅದು ಬಿಸಿಯಾಗುತ್ತಾ ಹೋಗುತ್ತದೆ. ಬಿಸಿಯಾದಷ್ಟೂ ಸುತ್ತಲಿನ ಗಾಳಿಗೆ ಜಾಸ್ತಿ ಶಾಖ ಬಿಡುತ್ತದೆ. ಒಂದು ಹಂತದಲ್ಲಿ ಹುಟ್ಟುವ ಶಾಖ ಮತ್ತು ಹೊರಗೆ ಹೋಗುವ ಶಾಖ ಸಮವಾಗುತ್ತವೆ, ಬಿಸಿ ಏರುವುದು ಅಲ್ಲಿಗೆ ನಿಲ್ಲುತ್ತದೆ. ಆ ನಿಲ್ಲುವ ಜಾಗ ವಸ್ತುವಿನ ತಾಳಿಕೆಯ ಒಳಗಿದ್ದರೆ ನೆಮ್ಮದಿ. ಆಚೆ ಇದ್ದರೆ ಓವರ್‌ಹೀಟ್. ಬಲ್ಬಿನ ತಂತಿ ಟಂಗ್‌ಸ್ಟನ್, ಅದು ಕರಗಲು 3400 ಡಿಗ್ರಿ ಬೇಕು. ಹಾಗಾಗಿ 2500 ಅದಕ್ಕೆ ಲೆಕ್ಕಕ್ಕಿಲ್ಲ.

ಅಂದರೆ ಎಷ್ಟು ಬಿಸಿ ಎಂದು ಕೇಳಿದರೆ ಅರ್ಧ ಪ್ರಶ್ನೆ ಕೇಳಿದ ಹಾಗೆ. ಆ ಶಾಖ ಎಲ್ಲಿಂದ ಹೊರಗೆ ಹೋಗಬೇಕಿತ್ತು, ಯಾಕೆ ಹೋಗುತ್ತಿಲ್ಲ ಎಂದೂ ಕೇಳಬೇಕು. ನನ್ನ ಪ್ರಕಾರ ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತದೆ. ನಾವು ಮಾತ್ರ ಬೆಂಕಿ ಹುಡುಕುತ್ತಾ ಕೂರುತ್ತೇವೆ, ಮುಚ್ಚಿಹೋದ ಕಿಟಕಿ ನೋಡುವುದಿಲ್ಲ.

ಕಾರಿನ ಎಂಜಿನ್ ತೆಗೆದುಕೊಳ್ಳಿ. ಹಾಕಿದ ಪೆಟ್ರೋಲಿನ ಶಕ್ತಿಯಲ್ಲಿ ಗಾಡಿ ಓಡಿಸಲು ಸಿಗುವುದು ಹೆಚ್ಚೂಕಡಿಮೆ ಕಾಲು ಭಾಗದಿಂದ ಮೂರನೇ ಒಂದು ಭಾಗ. ಉಳಿದದ್ದೆಲ್ಲ ಶಾಖ. ಅದರಲ್ಲಿ ದೊಡ್ಡ ಪಾಲು ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಜೊತೆ ಹೋಗುತ್ತದೆ. ಇನ್ನೊಂದು ದೊಡ್ಡ ಪಾಲನ್ನು ಕೂಲಂಟ್, ಅಂದರೆ ಎಂಜಿನ್ ಒಳಗೆ ಹರಿದಾಡುವ ತಂಪು ಮಾಡುವ ದ್ರವ, ಹೊತ್ತು ರೇಡಿಯೇಟರಿಗೆ ತಲುಪಿಸಬೇಕು; ಅಲ್ಲಿ ಆ ಶಾಖ ಗಾಳಿಗೆ ಹೋಗುತ್ತದೆ. ಸಿಲಿಂಡರ್ ಒಳಗೆ ಉರಿಯುವ ಗ್ಯಾಸು ಕ್ಷಣಕ್ಕೊಮ್ಮೆ 2000 ಡಿಗ್ರಿ ದಾಟುತ್ತದೆ. ಸುತ್ತ ಇರುವುದು ಅಲ್ಯೂಮಿನಿಯಂ, ಅದು 660 ಡಿಗ್ರಿಗೇ ಕರಗುವ ಲೋಹ. ಎಂಜಿನ್ ಕರಗದೆ ನಿಂತಿರುವುದು ಕೂಲಂಟ್ ಪುಣ್ಯದಿಂದ.

ಸಿಲ್ಕ್ ಬೋರ್ಡ್ ಕಡೆಯೋ ಹೆಬ್ಬಾಳದ ಕಡೆಯೋ ಜಾಮ್‌ನಲ್ಲಿ ನಿಂತಾಗಲೇ ಟೆಂಪರೇಚರ್ ಮುಳ್ಳು ಮೇಲೇರುವುದು ಯಾಕೆ? ನಿಂತ ಎಂಜಿನ್ ಹುಟ್ಟಿಸುವ ಶಾಖ, ಮೈಸೂರು ರಸ್ತೆಯಲ್ಲಿ 100ರ ವೇಗದಲ್ಲಿ ಓಡುವಾಗ ಹುಟ್ಟುವ ಶಾಖಕ್ಕಿಂತ ಎಷ್ಟೋ ಕಡಿಮೆ. ಆದರೆ ಓಡುವ ಕಾರಿಗೆ ಎದುರುಗಾಳಿ ಪುಕ್ಕಟೆ. ನಿಂತ ಕಾರಿಗೆ ಗಾಳಿ ಕೊಡಬೇಕಾದ್ದು ರೇಡಿಯೇಟರ್ ಹಿಂದಿನ ಫ್ಯಾನ್ ಒಂದೇ. ಅದು ಸರಿಯಿದ್ದರೆ ಎರಡು ಗಂಟೆ ಜಾಮ್ ಆದರೂ ಮುಳ್ಳು ಅಲ್ಲಾಡುವುದಿಲ್ಲ. ಅದರ ಮೋಟರೋ, ರಿಲೇಯೋ, ಫ್ಯೂಸೋ ಹೋಗಿದ್ದರೆ ಹತ್ತು ನಿಮಿಷಕ್ಕೇ ಗೊತ್ತಾಗುತ್ತದೆ. ಪಳಗಿದ ಮೆಕ್ಯಾನಿಕ್‌ಗಳು ಬಾನೆಟ್ ಎತ್ತುವ ಮೊದಲೇ 'ನಿಂತಾಗ ಹೀಟಾಗತ್ತಾ, ಓಡುವಾಗ್ಲಾ?' ಎಂದು ಕೇಳುವುದು ಇದಕ್ಕೇ. ನಿಂತಾಗ ಮಾತ್ರ ಆದರೆ ಮೊದಲು ಫ್ಯಾನ್ ಮೇಲೆ ಅನುಮಾನ. ಹೈವೇಯಲ್ಲಿ ಆದರೆ ರೇಡಿಯೇಟರ್ ಕಟ್ಟಿಕೊಂಡಿದೆ, ಇಲ್ಲವೇ ವಾಟರ್ ಪಂಪ್, ಥರ್ಮೋಸ್ಟಾಟ್ ಕೈಕೊಟ್ಟಿದೆ.

ಥರ್ಮೋಸ್ಟಾಟ್ ಒಂದು ಚೆಂದದ ವಸ್ತು. ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಯಲ್ಲಿ ಕೇಳಿದರೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದೊಂದು ಹಿತ್ತಾಳೆ ಬಣ್ಣದ ಭಾಗ ತೆಗೆದುಕೊಡುತ್ತಾರೆ. ಅದರ ಹೊಟ್ಟೆಯಲ್ಲಿ ಮೇಣ ಇರುತ್ತದೆ. ಕೂಲಂಟ್ 80–90 ಡಿಗ್ರಿಗೆ ಬಂದಾಗ ಮೇಣ ಕರಗಿ ಹಿಗ್ಗುತ್ತದೆ, ಒಂದು ಕಡ್ಡಿಯನ್ನು ತಳ್ಳುತ್ತದೆ, ರೇಡಿಯೇಟರ್ ಕಡೆಯ ಬಾಗಿಲು ತೆರೆಯುತ್ತದೆ. ತಣ್ಣಗಾದರೆ ಸ್ಪ್ರಿಂಗ್ ಆ ಬಾಗಿಲನ್ನು ಮುಚ್ಚುತ್ತದೆ. ವೈರ್ ಇಲ್ಲ, ಚಿಪ್ ಇಲ್ಲ. ಮುಚ್ಚಿದ ಜಾಗದಲ್ಲೇ ಅದು ಸಿಕ್ಕಿಹಾಕಿಕೊಂಡರೆ ಮಾತ್ರ ಕಥೆ ಕೆಟ್ಟಿತು. ರೇಡಿಯೇಟರ್ ತಣ್ಣಗಿರುತ್ತದೆ, ಎಂಜಿನ್ ಕುದಿಯುತ್ತಿರುತ್ತದೆ. ಬೆಂಗಳೂರು ಬಿಸಿ ಊರು, ಇದೆಲ್ಲ ಬೇಡ ಎಂದು ಕೆಲವರು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಕುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಎಂಜಿನ್ ತನ್ನ ಹದದ ಬಿಸಿಗೆ ಬರುವುದು ತಡವಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ.

ಇಲ್ಲಿ ನಮ್ಮ ಊರಿನದೇ ಒಂದು ವಿಶೇಷ ಇದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು 100ಕ್ಕಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ನಿನ ಕೂಲಂಟ್ ಮಾಮೂಲಾಗಿ ಇರುವುದೇ 90ರಿಂದ 105 ಡಿಗ್ರಿ. ಮತ್ತೆ ಕುದಿಯದೆ ಹೇಗಿರುತ್ತದೆ? ಪ್ರೆಷರ್ ಕುಕ್ಕರಿನ ಉಪಾಯ. ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳ ಅಲ್ಲ, ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಒಳಗೆ ಸುಮಾರು ಒಂದು ಬಾರ್, ಅಂದರೆ ಹೆಚ್ಚೂಕಡಿಮೆ ಸಮುದ್ರಮಟ್ಟದ ಗಾಳಿಯಷ್ಟು, ಹೆಚ್ಚುವರಿ ಒತ್ತಡ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ನೀರು ಕುದಿಯಲು 120 ಡಿಗ್ರಿ ಹತ್ತಿರ ಹೋಗಬೇಕು. ಮುಚ್ಚಳದ ರಬ್ಬರ್ ಸವೆದು ಒತ್ತಡ ಸೋರಿದರೆ, ಉಳಿದದ್ದೆಲ್ಲ ಸರಿಯಿದ್ದರೂ ಕೂಲಂಟ್ ಬೇಗ ಕುದಿಯುತ್ತದೆ. ಅಗ್ಗದ ಒಂದು ಮುಚ್ಚಳಕ್ಕೆ ಎಂಜಿನ್ ಬಲಿಯಾಗುವುದು ಹೀಗೆ.

ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯಬಾರದು ಎನ್ನುವುದಕ್ಕೂ ಇದೇ ಕಾರಣ. ಒಳಗೆ 110 ಡಿಗ್ರಿಯ ದ್ರವ ಒತ್ತಡದಿಂದಾಗಿ ಸುಮ್ನೆ ಕೂತಿರುತ್ತದೆ. ತಿರುಗಿಸಿದ ಕ್ಷಣ ಒತ್ತಡ ಬಿಟ್ಟುಹೋಗಿ, ಒಮ್ಮೆಲೇ ಕುದಿದು ಮುಖಕ್ಕೇ ಚಿಮ್ಮುತ್ತದೆ. ಮುಳ್ಳು ಕೆಂಪಿಗೆ ಹೋದರೆ ಮೊದಲು ಎಸಿ ಆಫ್ ಮಾಡಿ. ಎಸಿಯ ಕಂಡೆನ್ಸರ್ ಕೂತಿರುವುದು ರೇಡಿಯೇಟರಿನ ಮುಂದೆಯೇ, ಅದರ ಬಿಸಿಗಾಳಿ ಎಲ್ಲ ರೇಡಿಯೇಟರಿಗೇ ಬಡಿಯುತ್ತಿರುತ್ತದೆ. ಪಕ್ಕಕ್ಕೆ ಹಾಕಲು ಜಾಗ ಸಿಗುವ ತನಕ ಹೀಟರ್ ಫುಲ್ ಇಡಿ. ಬೇಸಿಗೆಯಲ್ಲಿ ಹೀಟರಾ ಎಂದು ನಗಬೇಡಿ, ಅದು ಎಂಜಿನ್ನಿನ ಶಾಖವನ್ನೇ ಎಳೆದು ನಿಮ್ಮ ಮೇಲೆ ಊದುತ್ತದೆ. ಸೆಖೆ ತಡೆದುಕೊಂಡರೆ ಎಂಜಿನ್ ಉಳಿಯುತ್ತದೆ. ಆಮೇಲೆ ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿ ಅರ್ಧ ಗಂಟೆಯಾದರೂ ಬಿಡಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವವರನ್ನು ದೂರ ಇಡಿ, ಲೋಹ ಬಿರುಕು ಬಿಡಬಹುದು.

ಮುಳ್ಳು ತಾನಾಗೇ ಕೆಳಗಿಳಿಯಿತು ಎಂದು ಖುಷಿಪಟ್ಟು ಮುಂದೆ ಹೋಗುವುದೂ ಉಂಟು. ಅದು ದೊಡ್ಡ ಮೋಸ. ಕೂಲಂಟ್ ಎಲ್ಲ ಸೋರಿಹೋದರೆ ಸೆನ್ಸರ್ ದ್ರವದಲ್ಲಿ ಮುಳುಗಿರುವುದಿಲ್ಲ, ಹಾಗಾಗಿ ಸುಳ್ಳು ಲೆಕ್ಕ ತೋರಿಸುತ್ತದೆ. ಹಾಗೇ ಓಡಿಸಿದರೆ ಸಿಲಿಂಡರುಗಳ ಮೇಲಿನ ಮುಚ್ಚಳದಂಥ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಅದರಡಿ ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೋಗುತ್ತದೆ, ಕೂಲಂಟ್ ಸೇರಿ ಆಯಿಲ್ ಬೆಳ್ಳಗೆ ನೊರೆ ಕಟ್ಟುತ್ತದೆ. 'ಹೆಡ್ ಬೆಂಡಾಗಿದೆ' ಎಂದು ಮೆಕ್ಯಾನಿಕ್ ಹೇಳಿದ ಮೇಲೆ ಬಿಲ್ಲಿನ ಮೊತ್ತ ಕೇಳದಿರುವುದೇ ಮೇಲು. ಇನ್ನು ಕೂಲಂಟ್ ಬದಲು ಬೋರ್‌ವೆಲ್ ನೀರು ತುಂಬಿಸುವ ಅಭ್ಯಾಸ. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಿ ಅಲ್ವಾ? ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟಿ ಶಾಖದ ದಾರಿ ಮುಚ್ಚುತ್ತದೆ.

ಎಂಜಿನ್ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಏರಬಹುದು. ಉರಿಯುವುದು ನಿಂತಿರುತ್ತದೆ, ಜೊತೆಗೆ ಪಂಪೂ ನಿಂತಿರುತ್ತದೆ. ಲೋಹದಲ್ಲಿ ಕೂತ ಶಾಖಕ್ಕೆ ಹೊರಗೆ ದಾರಿಯಿಲ್ಲ. ಇದೇ ಕಥೆಯ ಭಯಂಕರ ರೂಪ 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ಅಣು ವಿದ್ಯುತ್ ಸ್ಥಾವರದಲ್ಲಿ ನಡೆಯಿತು. ಭೂಕಂಪ ಆದ ತಕ್ಷಣ ಓಡುತ್ತಿದ್ದ ರಿಯಾಕ್ಟರುಗಳು ಸರಿಯಾಗಿಯೇ ಬಂದ್ ಆದವು. ಆದರೆ ಬಂದ್ ಆದ ರಿಯಾಕ್ಟರಿನಲ್ಲೂ ಮೊದಲಿಗೆ ಅದರ ಪೂರ್ಣ ಶಾಖದ ಸುಮಾರು 6–7 ಶೇಕಡಾ ಹುಟ್ಟುತ್ತಲೇ ಇರುತ್ತದೆ. ಸುನಾಮಿ ನೀರು ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು, ತಂಪು ಮಾಡುವ ಪಂಪುಗಳು ನಿಂತವು, ಮೂರು ರಿಯಾಕ್ಟರುಗಳ ಇಂಧನ ಕರಗಿಹೋಯಿತು. ಅಲ್ಲಿ ಬೆಂಕಿ ಜಾಸ್ತಿಯಾಗಿರಲಿಲ್ಲ. ದಾರಿ ಮುಚ್ಚಿತ್ತು.

ನಂದಿ ಬೆಟ್ಟಕ್ಕೆ ಬೆಳಗಿನ ಜಾವ ಹೋಗುವವರಿಗೆ ಇನ್ನೊಂದು ಓವರ್‌ಹೀಟ್ ಕಾದಿರುತ್ತದೆ. ಅದು ಹತ್ತುವಾಗ ಅಲ್ಲ, ಇಳಿಯುವಾಗ. ಒಂದು ಟನ್ ತೂಕದ ಕಾರು ಸುಮಾರು 500 ಮೀಟರ್ ಕೆಳಗೆ ಇಳಿಯಬೇಕು. ಬರೀ ಬ್ರೇಕಿನಲ್ಲೇ ಇಳಿದರೆ ಆ ಎತ್ತರದ ಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗಬೇಕು. ಲೆಕ್ಕ ಹಾಕಿದರೆ ಹೆಚ್ಚೂಕಡಿಮೆ 16 ಲೀಟರ್ ತಣ್ಣೀರನ್ನು ಕುದಿಸುವಷ್ಟು, ಅಂದರೆ ಒಂದು ದೊಡ್ಡ ಬಿಂದಿಗೆ. ಅಷ್ಟೂ ಶಾಖ ನಾಲ್ಕು ಪುಟ್ಟ ಚಕ್ರದ ಮೂಲೆಗಳಲ್ಲಿ. ಮೊದಲು ಪ್ಯಾಡ್ ಹಿಡಿತ ಕಳೆದುಕೊಳ್ಳುತ್ತದೆ. ಆಮೇಲೆ ಬ್ರೇಕ್ ಆಯಿಲ್. ಡಾಟ್ 3 ಎನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ 205 ಡಿಗ್ರಿ ತನಕ ಕುದಿಯಬಾರದು ಎನ್ನುವುದು ನಿಯಮ. ಆದರೆ ಅದು ಗಾಳಿಯ ತೇವ ಹೀರಿಕೊಳ್ಳುತ್ತಾ ಹೋಗುತ್ತದೆ. ನೀರು ಸೇರಿದ ಮೇಲೆ ಆ ಮಿತಿ 140. ಕುದಿದರೆ ಒಳಗೆ ಗುಳ್ಳೆ, ಒತ್ತಿದರೆ ಗುಳ್ಳೆ ಕುಗ್ಗುತ್ತದೆ, ಪೆಡಲ್ ಸೀದಾ ನೆಲಕ್ಕೆ. ಹತ್ತಿದ ಗೇರಿನಲ್ಲೇ ಇಳಿಯಿರಿ ಎಂದು ಹಳೇ ಡ್ರೈವರುಗಳು ಹೇಳುವುದು ಸುಮ್ನೆ ಅಲ್ಲ. ಆಗ ಶಾಖದ ಒಂದು ಪಾಲನ್ನು ಎಂಜಿನ್ ಹಂಚಿಕೊಳ್ಳುತ್ತದೆ.

ಅಡುಗೆಮನೆಗೆ ಬನ್ನಿ. ಗಟ್ಟಿ ಹಿಟ್ಟು ರುಬ್ಬುವಾಗ ಮಿಕ್ಸಿ ದಿಢೀರನೆ ನಿಂತುಹೋಗುತ್ತದೆ. ತಿರುಗಿಸಿ ತಳ ನೋಡಿದರೆ ಒಂದು ಪುಟ್ಟ ಕೆಂಪು ಬಟನ್ ಹೊರಗೆ ಬಂದಿರುತ್ತದೆ. ಅದು ಓವರ್‌ಲೋಡ್ ಬಟನ್. ಬ್ಲೇಡು ತಿರುಗಲು ಒದ್ದಾಡಿದಷ್ಟೂ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಕರೆಂಟ್ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟು. ಮೋಟರಿನೊಳಗೆ ಸುತ್ತಿದ ಆ ತಂತಿ, ಅಂದರೆ ವೈಂಡಿಂಗ್, ಸುಡುವ ಮೊದಲೇ ಆ ಬಟನ್ ಕರೆಂಟ್ ಕಡಿಯುತ್ತದೆ. ತಕ್ಷಣ ಒತ್ತಿ ಮತ್ತೆ ರುಬ್ಬುವುದು ನಮ್ಮ ಚಾಳಿ. ಐದಾರು ನಿಮಿಷ ಆರಲು ಬಿಟ್ಟು, ಸ್ವಲ್ಪ ಹಿಟ್ಟು ತೆಗೆದು ನೀರು ಹಾಕಿದರೆ ಮಿಕ್ಸಿ ಇನ್ನಷ್ಟು ವರ್ಷ ಬಾಳುತ್ತದೆ. ವೈಂಡಿಂಗ್ ತಂತಿಯ ಮೇಲಿನ ಇನ್ಸುಲೇಷನ್ ಒಂದೇ ದಿನಕ್ಕೆ ಸುಡಬೇಕೆಂದಿಲ್ಲ. ಮಿತಿಗಿಂತ ಪ್ರತಿ 10 ಡಿಗ್ರಿ ಜಾಸ್ತಿ ಬಿಸಿಗೆ ಅದರ ಆಯಸ್ಸು ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಎಲೆಕ್ಟ್ರಿಕಲ್ ಎಂಜಿನಿಯರುಗಳ ಹಳೇ ಲೆಕ್ಕ.

ಬೋರ್‌ವೆಲ್ ಮೋಟರಿನದು ಇನ್ನೂ ವಿಚಿತ್ರ. ಅದನ್ನು ತಂಪು ಮಾಡುವುದು ಅದು ಎತ್ತುವ ನೀರೇ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳು ಒಣಗಿದವಲ್ಲ, ಅಂಥ ಕಡೆ ನೀರಿಲ್ಲದೆ ಮೋಟರ್ ಓಡಿದರೆ ಹೊರೆ ಇಲ್ಲದಿದ್ದರೂ ಸುಟ್ಟುಹೋಗುತ್ತದೆ. ನೀರಿಲ್ಲದಾಗ ತಾನಾಗೇ ಮೋಟರ್ ನಿಲ್ಲಿಸುವ ಡ್ರೈ ರನ್ ಕಟ್-ಆಫ್ ಇರುವ ಸ್ಟಾರ್ಟರ್ ಹಾಕಿಸಿ ಎನ್ನುವುದು ಇದಕ್ಕೆ.

ಫೋನಿನಲ್ಲಿ ಫ್ಯಾನೂ ಇಲ್ಲ, ನೀರೂ ಇಲ್ಲ. ಶಾಖ ಹೊರಗೆ ಹೋಗಬೇಕಾದ್ದು ಅದರ ಬೆನ್ನಿನಿಂದ. ಆ ಬೆನ್ನಿಗೆ ನಾವು ದಪ್ಪ ಕವರ್ ತೊಡಿಸುತ್ತೇವೆ. ಮಧ್ಯಾಹ್ನ ಸಿಗ್ನಲ್‌ನಲ್ಲಿ ನಿಂತ ಡೆಲಿವರಿ ಹುಡುಗರ ಬೈಕ್ ಹ್ಯಾಂಡಲ್ ನೋಡಿ. ನೇರ ಬಿಸಿಲು, ಸ್ಕ್ರೀನ್ ಬ್ರೈಟ್‌ನೆಸ್ ಪೂರ್ತಿ, ಜಿಪಿಎಸ್ ಆನ್, ಡೇಟಾ ಆನ್, ಪವರ್ ಬ್ಯಾಂಕಿನಿಂದ ಚಾರ್ಜ್ ಬೇರೆ. ಶಾಖ ಹುಟ್ಟಿಸುವ ಕೆಲಸ ಒಂದನ್ನೂ ಬಿಟ್ಟಿಲ್ಲ. ಫೋನು ಮೊದಲು ಬ್ರೈಟ್‌ನೆಸ್ ಇಳಿಸುತ್ತದೆ, ಚಾರ್ಜಿಂಗ್ ನಿಧಾನ ಮಾಡುತ್ತದೆ, ಪ್ರೊಸೆಸರಿನ ವೇಗ ತಗ್ಗಿಸುತ್ತದೆ. 'ಫೋನ್ ಹ್ಯಾಂಗ್ ಆಗ್ತಿದೆ' ಎಂದು ಬೈಯುವಾಗ ಎಷ್ಟೋ ಸಲ ಅದು ತನ್ನನ್ನು ಕಾಪಾಡಿಕೊಳ್ಳುತ್ತಿರುತ್ತದೆ. ಫ್ರಿಜ್ಜಿನಲ್ಲಿ ಇಡಬೇಡಿ, ಒಳಗೆ ನೀರಿನ ಹನಿ ಕಟ್ಟುತ್ತದೆ. ಕವರ್ ಬಿಚ್ಚಿ, ಚಾರ್ಜರ್ ತೆಗೆದು, ನೆರಳಲ್ಲಿಟ್ಟರೆ ಸಾಕು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಒಂದು ಸಮಾಧಾನ ಇತ್ತು: ಬಿಸಿಯಾದಷ್ಟೂ ಹೊರಗೆ ಹೋಗುವ ಶಾಖವೂ ಏರುತ್ತದೆ. ಲಿಥಿಯಂ ಬ್ಯಾಟರಿಯಲ್ಲಿ ಒಂದು ಮಿತಿ ದಾಟಿದರೆ ಆ ಸಮಾಧಾನವೂ ಇಲ್ಲ. ಅದರೊಳಗಿನ ರಾಸಾಯನಿಕಗಳು ಬಿಸಿಯಾದಂತೆ ಬೇಗ ಬೇಗ ಪ್ರತಿಕ್ರಿಯೆ ನಡೆಸಿ ಇನ್ನಷ್ಟು ಶಾಖ ಹುಟ್ಟಿಸುತ್ತವೆ. ಸುತ್ತಲಿಗಿಂತ ಎಷ್ಟು ಬಿಸಿಯೋ ಅಷ್ಟಕ್ಕೆ ತಕ್ಕಂತೆ ಶಾಖ ಹೊರಗೆ ಹೋಗುತ್ತದೆ, ಒಂದೇ ಹದದಲ್ಲಿ. ಪ್ರತಿಕ್ರಿಯೆಯ ವೇಗ ಮಾತ್ರ ಹತ್ತು ಡಿಗ್ರಿಗೊಮ್ಮೆ ಹೆಚ್ಚೂಕಡಿಮೆ ಇಮ್ಮಡಿಯಾಗುತ್ತಾ ಹಾರುತ್ತದೆ. ಎರಡೂ ಸಮವಾಗಿ ನಿಲ್ಲುವ ಜಾಗವೇ ಸಿಗುವುದಿಲ್ಲ. ಇದನ್ನು 1928ರಲ್ಲೇ ಲೆಕ್ಕ ಹಾಕಿ ತೋರಿಸಿದವರು ರಷ್ಯಾದ ವಿಜ್ಞಾನಿ ನಿಕೊಲಾಯ್ ಸೆಮ್ಯೊನೋವ್, ಮುಂದೆ 1956ರಲ್ಲಿ ನೊಬೆಲ್ ಪಡೆದವರು. ಅವರು ನೋಡುತ್ತಿದ್ದದ್ದು ಸ್ಫೋಟಗಳನ್ನು. ಬ್ಯಾಟರಿಗೂ ಅದೇ ಲೆಕ್ಕ ಹೊಂದುತ್ತದೆ. ಸುಮಾರು 130 ಡಿಗ್ರಿಯಲ್ಲಿ ಒಳಗಿನ ತೆಳು ಪ್ಲಾಸ್ಟಿಕ್ ಪರದೆ ಕರಗತೊಡಗುತ್ತದೆ, ಆಮೇಲೆ ಶಾರ್ಟ್, ಬೆಂಕಿ. 2022ರಲ್ಲಿ ದೇಶದಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಸಾಲಾಗಿ ಬೆಂಕಿ ಬಿದ್ದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ನಿಯಮ ಬಿಗಿ ಮಾಡಿತು. ಒಂದು ಸೆಲ್ ಹೊತ್ತಿಕೊಂಡರೆ ಪಕ್ಕದ್ದಕ್ಕೆ ಹಬ್ಬುವುದನ್ನು ಪರೀಕ್ಷಿಸಬೇಕು ಎನ್ನುವುದು ಅದರಲ್ಲಿ ಮುಖ್ಯ. ಮನೆಯಲ್ಲಿ ನಾವು ಮಾಡಬಹುದಾದ್ದು ಇಷ್ಟೇ: ಬಿಸಿಲಲ್ಲಿ ಓಡಿಸಿ ತಂದ ಗಾಡಿಯನ್ನು ಬಂದ ತಕ್ಷಣ ಚಾರ್ಜಿಗೆ ಹಾಕದೆ ಸ್ವಲ್ಪ ಆರಲು ಬಿಡುವುದು, ಊದಿಕೊಂಡ ಬ್ಯಾಟರಿಯನ್ನು ಇನ್ನೊಂದು ದಿನ ಬಳಸೋಣ ಎನ್ನದಿರುವುದು.

ಮೈ ಹೀಟಾಗಿದೆ ಎಂದು ನಾವು ಎಳನೀರು ಕುಡಿಯುವುದು ಬೇರೆ ಲೆಕ್ಕ. ಬಾಯಿಹುಣ್ಣಿಗೂ ಕಣ್ಣುರಿಗೂ ನಾವು ಹೀಟು ಎನ್ನುತ್ತೇವೆ, ಆಗ ಥರ್ಮಾಮೀಟರ್ ಇಟ್ಟರೆ 37 ಡಿಗ್ರಿಯೇ ಇರುತ್ತದೆ. ಮೈ ನಿಜವಾಗಿ ಓವರ್‌ಹೀಟ್ ಆಗುವುದು ಬೆವರು ಆರದಿದ್ದಾಗ. ಸುಮ್ನೆ ಕೂತ ಮನುಷ್ಯನೂ ಸುಮಾರು 100 ವ್ಯಾಟ್ ಶಾಖ ಬಿಡುತ್ತಿರುತ್ತಾನೆ. ಒಂದು ಲೀಟರ್ ಬೆವರು ಆರಿದರೆ ಆರೇಳು ಗಂಟೆಯ ಅಷ್ಟೂ ಶಾಖ ಹೋಗುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಾಗಲೂ ಇಲ್ಲಿನ ಒಣಗಾಳಿ ಬೆವರನ್ನು ಆರಿಸುತ್ತಿತ್ತು. ಮಂಗಳೂರಿನಲ್ಲಿ 35 ಡಿಗ್ರಿಗೇ ಜೀವ ಹೋದಂತಾಗುವುದು ಅಲ್ಲಿನ ತೇವದಿಂದ. ಬಿಸಿಲಲ್ಲಿ ದುಡಿಯುವವರು ತೊದಲತೊಡಗಿದರೆ, ಏನೇನೋ ಮಾತಾಡಿದರೆ ಅದು ಹೀಟ್‌ಸ್ಟ್ರೋಕ್ ಇರಬಹುದು. ನೆರಳಿಗೆ ತಂದು, ಮೈಗೆ ನೀರು ಹಾಕಿ, ಗಾಳಿ ಬೀಸುತ್ತಾ ಆಂಬ್ಯುಲೆನ್ಸ್ ಕರೆಯಬೇಕು. ಬೆವರಿನ ಕೆಲಸವನ್ನು ಹೊರಗಿನಿಂದ ನಾವು ಮಾಡಿದ ಹಾಗೆ.

ಉಳಿದದ್ದು ಆರ್ಥಿಕತೆ. ಜನರ ಕೈಯಲ್ಲಿ ದುಡ್ಡು, ಸಾಲ ಎರಡೂ ಸಲೀಸಾಗಿ ಓಡಾಡಿ, ಕೊಳ್ಳುವವರು ಜಾಸ್ತಿಯಾಗಿ, ಫ್ಯಾಕ್ಟರಿಗಳು ಪೂರ್ತಿ ಓಡಿದರೂ ಸಾಲದೇ ಹೋದರೆ ಎಲ್ಲದರ ಬೆಲೆ ಒಟ್ಟಿಗೆ ಏರುತ್ತದೆ. ಆಗ ಆರ್ಥಿಕತೆ ಓವರ್‌ಹೀಟ್ ಆಗಿದೆ ಎನ್ನುತ್ತಾರೆ. ರಿಸರ್ವ್ ಬ್ಯಾಂಕಿನ ಹಣದುಬ್ಬರದ ಗುರಿ 4 ಶೇಕಡಾ, 2ರಿಂದ 6ರ ತನಕ ಸಹಿಸುತ್ತದೆ. ದಾಟಿದರೆ ಬಡ್ಡಿ ಏರಿಸಿ ಸಾಲದ ಹರಿವು ತಗ್ಗಿಸುತ್ತದೆ. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯ ಹೊತ್ತಿಗೆ ರೆಪೊ ದರ, ಅಂದರೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಸಾಲ ಕೊಡುವ ಬಡ್ಡಿ, 4ರಿಂದ 6.5 ಶೇಕಡಾಕ್ಕೆ ಹೋಯಿತು, ನಮ್ಮ ಮನೆ ಸಾಲದ ಕಂತುಗಳೂ ಉದ್ದವಾದವು. ಆದರೆ ಪದವನ್ನು ಕಟ್ಟುನಿಟ್ಟಾಗಿ ಬಳಸುವುದಾದರೆ ಆಗಿನ ಬೆಲೆ ಏರಿಕೆಯನ್ನು ಬರೀ ಓವರ್‌ಹೀಟ್ ಎನ್ನಲಾಗದು. ಉಕ್ರೇನ್ ಯುದ್ಧದಿಂದ ಎಣ್ಣೆ, ಗೋಧಿ ಬೆಲೆ ಹಾರಿದ್ದರ ಪಾಲು ಅದರಲ್ಲಿ ದೊಡ್ಡದಿತ್ತು. 2023ರ ಜುಲೈನಲ್ಲಿ ಬೆಂಗಳೂರಿನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದ್ದಂತೂ ಓವರ್‌ಹೀಟ್ ಅಲ್ಲವೇ ಅಲ್ಲ, ಮಾರುಕಟ್ಟೆಗೆ ಹಣ್ಣೇ ಬರಲಿಲ್ಲ. ಬಡ್ಡಿ ಏರಿಸಿದರೆ ಕೋಲಾರದ ಟೊಮೆಟೊ ಗಿಡ ಬೇಗ ಕಾಯಿ ಬಿಡುವುದಿಲ್ಲ.